ಪ್ರೊಫೆಸರರ ಕಪಾಟು ಗುಜರಿಗೆ ಹೋಗುವ ಮೊದಲು: ಕರಾವಳಿಯ ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಗ್ರಂಥಪಾಲಕರೇ,

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಸಾರ್ವಜನಿಕ ಸಂಪರ್ಕ, ಅಂದರೆ ಪಿ.ಆರ್., ಕಲಿಸಿದ ಹಿರಿಯ ಪ್ರಾಧ್ಯಾಪಕರ ಕಾಗದಪತ್ರಗಳ ಬಗ್ಗೆ ಈ ಪತ್ರ. ವಿಭಾಗದ ಕೋಣೆ ಖಾಲಿ ಮಾಡಿಸುವಾಗಲೋ ಮನೆಯವರು ಮನೆ ಮಾರುವಾಗಲೋ ಎಲ್ಲ ಕಡೆ ನಡೆಯುವುದು ಒಂದೇ ರೀತಿ. ಪುಸ್ತಕಗಳನ್ನು ಆರಿಸಿ ಲೈಬ್ರರಿಗೆ ಕೊಡುತ್ತಾರೆ, ಉಳಿದ ಕಾಗದವನ್ನು ಗೋಣಿಗೆ ತುಂಬಿ ಗುಜರಿಗೆ ತೂಗುತ್ತಾರೆ. ಆ ಪುಸ್ತಕಗಳ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಗೋಣಿಯಲ್ಲಿ ಹೋದದ್ದು ಮತ್ತೆಲ್ಲೂ ಸಿಗುವುದಿಲ್ಲ.

ಪಿ.ಆರ್. ಕಲಿಸುವವರ ಹಳೆಯ ಫೈಲೊಂದನ್ನು ಬಿಡಿಸಿದರೆ ಸಾಮಾನ್ಯವಾಗಿ ಕಾಣುವುದು ಇಷ್ಟು. ಮೇಲೆ ಸೈಕ್ಲೋಸ್ಟೈಲ್ ಮಾಡಿದ ಎರಡು ಪುಟದ ಪತ್ರಿಕಾ ಪ್ರಕಟಣೆ. ಅದರಡಿ ಅದೇ ಪ್ರಕಟಣೆಯ ಟೈಪು ಮಾಡಿದ ಕರಡು. ಮೇಲಧಿಕಾರಿಯ ಹಸಿರು ಶಾಯಿ ಅದರ ಒಂದು ವಾಕ್ಯವನ್ನು ಪೂರ್ತಿ ಹೊಡೆದುಹಾಕಿದೆ, ಇನ್ನೊಂದರಲ್ಲಿ ‘ನಷ್ಟ’ ಇದ್ದಲ್ಲಿ ‘ತಾತ್ಕಾಲಿಕ ಹಿನ್ನಡೆ’ ಎಂದು ಮಾಡಿದೆ. ಮೂರನೆಯದು ಹಂಚಿಕೆ ಪಟ್ಟಿ: ಪತ್ರಿಕೆಗಳ ಹೆಸರು, ಆಕಾಶವಾಣಿ, ಒಂದೊಂದರ ಪಕ್ಕ ಟಿಕ್ಕು. ನಾಲ್ಕನೆಯದು ಮರುದಿನದ ಪತ್ರಿಕೆಯಿಂದ ಕತ್ತರಿಸಿದ ತುಣುಕು, ಅಂಚಿನಲ್ಲಿ ತಾರೀಖು. ಕೊನೆಗೊಂದು ಕಪ್ಪು ಬಿಳುಪು ಫೋಟೋ, ಹಿಂದೆ ಸ್ಟುಡಿಯೋದ ನೇರಳೆ ಮೊಹರು. ಐದನ್ನೂ ಹಿಡಿದಿಟ್ಟದ್ದು ಒಂದು ಗುಂಡುಪಿನ್ನು. ಅದು ತುಕ್ಕು ಹಿಡಿದು ಐದೂ ಹಾಳೆಯಲ್ಲಿ ಒಂದೇ ಜಾಗಕ್ಕೆ ಕಂದು ಚುಕ್ಕೆ ಬಿಟ್ಟಿರುತ್ತದೆ. ಆ ಚುಕ್ಕೆಯೂ ದಾಖಲೆಯೇ, ಈ ಹಾಳೆಗಳು ಒಟ್ಟಿಗಿದ್ದವು ಎನ್ನುವುದಕ್ಕೆ ಅದೇ ಸಾಕ್ಷಿ.

ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಇರುವುದು ಅಚ್ಚಾದದ್ದು ಮಾತ್ರ. ಸಂಸ್ಥೆ ಮೊದಲು ಏನು ಹೇಳಹೊರಟಿತ್ತು, ಒಳಗೆ ಯಾರು ಏನನ್ನು ತಡೆದರು, ಯಾವ ಪತ್ರಿಕೆಗೆ ಹೋಯಿತು, ಹೋದರೂ ಎಲ್ಲಿ ಅಚ್ಚಾಗಲಿಲ್ಲ ಎನ್ನುವುದು ಈ ಐದು ಹಾಳೆಗಳ ನಡುವೆ ಇದೆ. ಸಂಸ್ಥೆಗಳು ತಾವಾಗಿ ಕರಡು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡವರು ಅದನ್ನು ತರಗತಿಗೆ ಉದಾಹರಣೆಯಾಗಿ ಒಯ್ದ ಮೇಷ್ಟ್ರು.

ನಮ್ಮ ಕರಾವಳಿಗೆ ಇದು ಬೇರೆ ಊರುಗಳಿಗಿಂತ ಹೆಚ್ಚು ಮುಖ್ಯ. ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಬೋರ್ಡು ಇಳಿದಾಗ ಅವುಗಳ ಪ್ರಚಾರ ವಿಭಾಗದ ಕಾಗದವೂ ಚದುರಿತು. ಒಳಪತ್ರಿಕೆಗಳು, ಪಿಗ್ಮಿ ಠೇವಣಿಯ ಕರಪತ್ರ, ಶಾಖೆ ಉದ್ಘಾಟನೆಯ ಆಮಂತ್ರಣ, ಮುಷ್ಕರದ ದಿನಗಳ ಹೇಳಿಕೆ: ಇಂಥವು ಇನ್ನು ಖಾಸಗಿ ಕಪಾಟುಗಳಲ್ಲಿ ಉಳಿದಷ್ಟೇ. ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಉಷ್ಣ ವಿದ್ಯುತ್ ಸ್ಥಾವರ, ಕೊಂಕಣ ರೈಲ್ವೆ ಬಂದಾಗ ಜನರ ಕೈಗೆ ಬಂದ ಯೋಜನಾ ವರದಿಗಳ ಕನ್ನಡ ಸಾರಾಂಶಗಳು, ಪರಿಸರ ಅಹವಾಲು ಸಭೆಯ ಸೂಚನೆಗಳು, ಅದಕ್ಕೆದುರಾಗಿ ಹೋರಾಟಗಾರರು ಹಂಚಿದ ಚೀಟಿಗಳು, ಉಡುಪಿಯಲ್ಲಿ 2 ವರ್ಷಕ್ಕೊಮ್ಮೆ ಬರುವ ಪರ್ಯಾಯ ಉತ್ಸವದ (ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ ಹಬ್ಬ) ಸ್ವಾಗತ ಸಮಿತಿಯ ಪ್ರಕಟಣೆಗಳು, ಕಂಬಳದ ಕರಪತ್ರಗಳು, ಎಲ್ಲವೂ ಒಬ್ಬ ಪಿ.ಆರ್. ಅಧ್ಯಾಪಕನಿಗೆ ಪಾಠದ ಸಾಮಗ್ರಿಯೇ. ವಿದ್ಯಾರ್ಥಿಗಳು ಬರೆದ ಕಿರುಪ್ರಬಂಧಗಳನ್ನಂತೂ ಯಾರೂ ಎಣಿಸುವುದೇ ಇಲ್ಲ. ಒಂದು ಕಾರ್ಖಾನೆಯ ಸಂಪರ್ಕ ಕಚೇರಿ ಹೇಗೆ ಕೆಲಸ ಮಾಡುತ್ತಿತ್ತು ಎಂದು ಅಲ್ಲಿಗೇ ಹೋಗಿ ಕೇಳಿ ಬರೆದದ್ದು ಬಹುಮಟ್ಟಿಗೆ ಅವುಗಳಲ್ಲೇ.

ಹೊರಗಿನ ಮಾದರಿ ಬೇಕಿದ್ದರೆ ಇದೆ. ಈ ವೃತ್ತಿಯ ಮೊದಲಿಗರಲ್ಲಿ ಐವಿ ಲೀ ಅವರ ಕಾಗದಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿವೆ, ಎಡ್ವರ್ಡ್ ಬರ್ನೇಸ್ ಅವರವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟ ಊರು ನಮ್ಮದು. ಅದನ್ನು ತಂದ ಬಾಸೆಲ್ ಮಿಷನ್ ತನ್ನ ಪತ್ರ, ವರದಿ, ಫೋಟೋಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಡಿಸಿ ಪಟ್ಟಿ ಮಾಡಿ ಇಟ್ಟ ಕಾರಣ, ಹಳೆಯ ಮಂಗಳೂರಿನ ಚಿತ್ರ ಇಂದು ಯಾರು ಬೇಕಾದರೂ ಹುಡುಕಿ ನೋಡಬಹುದು. ಬಲ್ಮಠದಲ್ಲಿಯೂ ಆ ಪರಂಪರೆಯ ದಾಖಲೆಗಳಿವೆ. ಹತ್ತೊಂಬತ್ತನೇ ಶತಮಾನದ ಮಂಗಳೂರಿಗೆ ಸಿಕ್ಕ ಈ ಭಾಗ್ಯ 1980ರ ದಶಕದ ಮಂಗಳೂರಿಗೆ ಸಿಕ್ಕಿಲ್ಲ ಎನ್ನುವುದು ನಮಗೆ ನಿಜವಾಗಿ ನೋವಿನ ಸಂಗತಿ.

ಈಗ ಮಾಡಬೇಕಾದದ್ದು.

ಮೊದಲನೆಯದಾಗಿ ಯಾರೂ ಏನನ್ನೂ ‘ಹೊಂದಿಸಬಾರದು’. ಒಳ್ಳೆಯ ಮನಸ್ಸಿನ ಸಿಬ್ಬಂದಿ ಸುದ್ದಿತುಣುಕುಗಳನ್ನೆಲ್ಲ ಒಂದು ಪೆಟ್ಟಿಗೆಗೆ, ಫೋಟೋಗಳನ್ನೆಲ್ಲ ಇನ್ನೊಂದಕ್ಕೆ, ಪತ್ರಗಳನ್ನು ಮತ್ತೊಂದಕ್ಕೆ ಹಾಕಿ ಚಂದ ಮಾಡುತ್ತಾರೆ. ಗೆದ್ದಲಿಗಿಂತ ದೊಡ್ಡ ಹಾನಿ ಇದು. ಗೆದ್ದಲು ತಿಂದ ಜಾಗ ಕಣ್ಣಿಗಾದರೂ ಕಾಣುತ್ತದೆ. ಬೇರ್ಪಟ್ಟ ಕರಡು ಮತ್ತು ತುಣುಕು ಒಂದೇ ಘಟನೆಯವು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ದಾಖಲೆ ಶಾಸ್ತ್ರದಲ್ಲಿ ಇದಕ್ಕೆ ಮೂಲಕ್ರಮ ಎನ್ನುತ್ತಾರೆ: ಬಳಸಿದವರು ಇಟ್ಟ ಕ್ರಮವೇ ಕ್ರಮ. ಒಬ್ಬರ ಕಾಗದ ಇನ್ನೊಬ್ಬರದರೊಂದಿಗೆ ಬೆರೆಯಬಾರದು ಎನ್ನುವುದು ಅದರ ಜೋಡಿ ನಿಯಮ.

ಆದ್ದರಿಂದ ಕಪಾಟನ್ನು ಮುಟ್ಟುವ ಮೊದಲು ಬಾಗಿಲು ತೆರೆದು ಇದ್ದ ಹಾಗೆಯೇ ಫೋಟೋ ತೆಗೆಯಿರಿ, ಒಂದೊಂದು ತಟ್ಟಿಗೂ ಬೇರೆ ಫೋಟೋ. ಮೇಲಿನ ತಟ್ಟು 1. ಎಡದಿಂದ ಬಲಕ್ಕೆ ಇಳಿಸಿ, ಪ್ರತಿ ಕಟ್ಟಿಗೆ ತಟ್ಟಿನ ಸಂಖ್ಯೆ ಮತ್ತು ಕ್ರಮಸಂಖ್ಯೆ ಬರೆದ ಚೀಟಿ ಸಿಗಿಸಿ. ಬರೆಯಲು 2ಬಿ ಪೆನ್ಸಿಲ್ ಮಾತ್ರ. ಬಾಲ್‌ಪೆನ್ ಒತ್ತು ಬೀಳುತ್ತದೆ, ಜೆಲ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡಬಹುದು. ಪ್ರೊಫೆಸರ್ ಬದುಕಿದ್ದರೆ ಕಪಾಟಿನ ಎದುರೇ ಕುರ್ಚಿ ಹಾಕಿ ಕೂರಿಸಿ, ಎರಡು ಮೂರು ಗಂಟೆ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಜೀವನಚರಿತ್ರೆ ಕೇಳಬೇಡಿ, ಫೈಲು ತೋರಿಸಿ ಕೇಳಿ: ಈ ಮೊದಲಕ್ಷರ ಯಾರದು, ಈ ಕೆಂಪು ಗೆರೆ ಏಕೆ, ಈ ಲಕೋಟೆ ಬೇರೆ ಇಟ್ಟದ್ದೇಕೆ. ಈ ಎರಡು ಗಂಟೆ ಮುಂದೆ ಪಟ್ಟಿ ಮಾಡುವವರ ಎರಡು ತಿಂಗಳು ಉಳಿಸುತ್ತದೆ.

ಅಳತೆಯ ಅಂದಾಜೂ ಇರಲಿ. ಸಾಮಾನ್ಯ ಗೋದ್ರೇಜ್ ಕಪಾಟಿನ ಅಗಲ ಸುಮಾರು 90 ಸೆಂಟಿಮೀಟರ್. ಐದು ತಟ್ಟು ತುಂಬಿದ್ದರೆ ಹತ್ತಿರ ಹತ್ತಿರ ನಾಲ್ಕೂವರೆ ಮೀಟರ್ ಕಾಗದ. ದಾಖಲೆ ಪೆಟ್ಟಿಗೆ ಒಂದಕ್ಕೆ 12 ಸೆಂಟಿಮೀಟರ್ ಹಿಡಿದರೆ 36ರಿಂದ 38 ಪೆಟ್ಟಿಗೆ ಬೇಕು, ಹಾಳೆಗಳು ಸುಮಾರು 30,000. ಪೆಟ್ಟಿಗೆ, ಫೋಲ್ಡರ್ ಎರಡೂ ಆಮ್ಲರಹಿತ ರಟ್ಟಿನವಾಗಿರಲಿ. ಅದಕ್ಕೆ ಹಣ ಮಂಜೂರಾಗುವವರೆಗೆ ಶುದ್ಧ ಬಿಳಿ ಹತ್ತಿ ಬಟ್ಟೆಯ ಕಟ್ಟು ಸಾಕು. ನಮ್ಮ ಹಿರಿಯರು ತಾಳೆಗರಿಯನ್ನು ಬಟ್ಟೆಯಲ್ಲೇ ಕಟ್ಟಿಟ್ಟರು, ಬಟ್ಟೆ ಉಸಿರಾಡುತ್ತದೆ. ಬಿಗಿದು ಕಟ್ಟಿದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ಒಳಗಿನ ತೇವ ಒಳಗೇ ನಿಂತು ಒಂದೇ ಆಟಿಯಲ್ಲಿ (ತುಳುವಿನ ಮಳೆಗಾಲದ ತಿಂಗಳು) ಎಲ್ಲ ಬೂಸ್ಟು.

ತೇವದ ವಿಚಾರ ವಿವರವಾಗಿಯೇ ಹೇಳಬೇಕು, ಏಕೆಂದರೆ ದೆಹಲಿಯ ಕೈಪಿಡಿ ಓದಿ ಮಾಡಿದ ವ್ಯವಸ್ಥೆ ನಮ್ಮಲ್ಲಿ ಸೋಲುವುದು ಇಲ್ಲೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಹೆಚ್ಚಿನ ದಿನ ಶೇ. 85ರ ಆಸುಪಾಸು ಇಲ್ಲವೇ ಅದಕ್ಕೂ ಮೇಲೆ. ಶೇ. 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಸ್ಟು ಏಳುತ್ತದೆ. ಕಾಗದಕ್ಕೆ ಹಿತ ಶೇ. 45ರಿಂದ 55. ಹಗಲು ಹತ್ತರಿಂದ ಐದರವರೆಗೆ ಎ.ಸಿ. ಓಡಿಸಿ ರಾತ್ರಿ ಆರಿಸುವ ಪದ್ಧತಿ ಎ.ಸಿ. ಇಲ್ಲದ್ದಕ್ಕಿಂತ ಕೆಟ್ಟದ್ದು. ತಣ್ಣಗಾದ ಕೋಣೆಗೆ ರಾತ್ರಿ ಹೊರಗಿನ ತೇವದ ಗಾಳಿ ನುಗ್ಗಿ ತಣ್ಣಗಿನ ರಟ್ಟಿನ ಮೇಲೆ ಬೆವರಾಗಿ ಕೂರುತ್ತದೆ, ಕಾಗದ ದಿನಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಒಂದು ಸಣ್ಣ ಕೋಣೆ, ಮುಚ್ಚಿದ ಕಿಟಕಿ, 24 ಗಂಟೆ ಓಡುವ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ), ಅದರ ನೀರು ತಾನೇ ಹೊರಹೋಗುವ ಕೊಳವೆ (ಬಕೆಟ್ ಇಟ್ಟರೆ ಶನಿವಾರ ತುಂಬಿ ಯಂತ್ರ ನಿಂತು ಸೋಮವಾರ ಗೊತ್ತಾಗುತ್ತದೆ), ಗೋಡೆಗೊಂದು ಆರ್ದ್ರತಾಮಾಪಕ, ದಿನಕ್ಕೆ ಎರಡು ಸಲ ಬರೆಯುವ ರಿಜಿಸ್ಟರು. ಇಷ್ಟಿದ್ದರೆ ದೊಡ್ಡ ಎ.ಸಿ. ಹಾಲ್ ಬೇಡ.

ಕೋಣೆ ನೆಲಮಾಳಿಗೆಯಲ್ಲಿ ಬೇಡ, ತಾರಸಿಯ ಅಡಿಯಲ್ಲೂ ಬೇಡ, ಮೇಲಂತಸ್ತಿನಲ್ಲಿ ಶೌಚಾಲಯ ಇರುವಲ್ಲಿ ಖಂಡಿತ ಬೇಡ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ. ರ್‍ಯಾಕನ್ನು ಗೋಡೆಯಿಂದ ಒಂದು ಗೇಣಾದರೂ ದೂರ ನಿಲ್ಲಿಸಿ, ಕೆಳಗಿನ ತಟ್ಟು ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ. ಗೆದ್ದಲು ಬರುವುದು ಗೋಡೆಗೆ ತಾಗಿದ ಮರದ ಕಾಲಿನಿಂದ, ಆದ್ದರಿಂದ ಕಬ್ಬಿಣದ ರ್‍ಯಾಕೇ ಆಗಬೇಕು.

ಬೂಸ್ಟು ಬಂದ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಅದು ನಾರಿನೊಳಗೆ ಇನ್ನಷ್ಟು ಇಳಿಯುತ್ತದೆ. ಬಿಸಿಲಿಗೂ ಹರಡಬಾರದು, ಶಾಯಿ ಮಾಸುತ್ತದೆ, ನ್ಯೂಸ್‌ಪ್ರಿಂಟ್ ಹಪ್ಪಳವಾಗುತ್ತದೆ. ಮೊದಲು ಒಣಗಿದ ಕೋಣೆಯಲ್ಲಿ ಕೆಲವು ದಿನ ಬಿಡಿಬಿಡಿಯಾಗಿ ಇಡಿ. ಬೂಸ್ಟು ಪುಡಿಯಾದ ಮೇಲೆ ಹೊರಗೆ ಗಾಳಿಯಲ್ಲಿ ನಿಂತು, ಎನ್-95 ಮಾಸ್ಕ್ ಹಾಕಿ, ಮೃದು ಬ್ರಷ್‌ನಿಂದ ನಿಮ್ಮಿಂದ ಆಚೆಗೆ ತೆಗೆಯಿರಿ. ನುಸಿಗುಳಿಗೆ ಬೂಸ್ಟನ್ನು ಕೊಲ್ಲುವುದಿಲ್ಲ, ಕೋಣೆಯಲ್ಲಿ ಕೂತು ಕೆಲಸ ಮಾಡುವವರ ತಲೆ ಮಾತ್ರ ಸಿಡಿಯುತ್ತದೆ.

ಮಾಡು ಸೋರಿ ಕಟ್ಟುಗಳು ಪೂರ್ತಿ ಒದ್ದೆಯಾದರೆ ನಿಮಗಿರುವುದು 48 ಗಂಟೆ, ಅಷ್ಟರೊಳಗೆ ಬೂಸ್ಟು ಶುರು. ಅಷ್ಟು ಹಾಳೆಗಳನ್ನು ಅಷ್ಟು ಹೊತ್ತಿನಲ್ಲಿ ಒಣಗಿಸಲಾಗದು, ಆದರೆ ಹೆಪ್ಪುಗಟ್ಟಿಸಬಹುದು. ಇದರಲ್ಲಿ ಮಾತ್ರ ಕರಾವಳಿಗೆ ಅದೃಷ್ಟವಿದೆ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯ ಸುತ್ತ ಮೀನಿನ ಶೈತ್ಯಾಗಾರಗಳಿವೆ. ದಪ್ಪ ಪಾಲಿಥೀನ್‌ನಲ್ಲಿ ಸಣ್ಣ ಸಣ್ಣ ಕಟ್ಟು ಮಾಡಿ, ಮೇಲೆ ಸಂಖ್ಯೆ ಬರೆದು, ಮೈನಸ್ 20 ಡಿಗ್ರಿಯಲ್ಲಿ ಇಟ್ಟರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಒಂದೊಂದೇ ಕಟ್ಟು ತಂದು ಒಣಗಿಸಬಹುದು. ಹುಳ ಹಿಡಿದ ಒಣ ಕಾಗದಕ್ಕೂ ಅದೇ ಮದ್ದು: ಚೀಲದ ಬಾಯಿ ಮುಚ್ಚಿ ಒಂದು ವಾರ ಮೈನಸ್ 20ರಲ್ಲಿಟ್ಟು, ಹೊರತಂದ ಮೇಲೆ ಒಂದು ದಿನ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಟೇಪು, ಕ್ಯಾಸೆಟ್, ಫ್ಲಾಪಿಗಳನ್ನು ಮಾತ್ರ ಇದರ ಜೊತೆ ಕಳಿಸಬೇಡಿ. ಇಂಥ ಶೈತ್ಯಾಗಾರವೊಂದರೊಡನೆ ಮಳೆಗಾಲಕ್ಕೆ ಮೊದಲೇ ಮಾತಾಡಿಕೊಂಡಿರುವುದು ಗ್ರಂಥಾಲಯಕ್ಕೆ ಒಂದು ಫೋನಿನ ಕೆಲಸ.

ಪಿ.ಆರ್. ಕಾಗದಕ್ಕೆ ಅದರದೇ ರೋಗಗಳಿವೆ. ಮೊದಲನೆಯದು 1980–90ರ ದಶಕದ ಥರ್ಮಲ್ ಫ್ಯಾಕ್ಸ್. ಆ ಹೊಳಪು ಕಾಗದದ ಅಕ್ಷರ ಬಿಸಿಗೆ, ಬೆಳಕಿಗೆ ಮಾಸಿ ಬೆಳ್ಳಗಾಗುತ್ತದೆ. ಕಂಡ ದಿನವೇ ಸಾದಾ ಕಾಗದಕ್ಕೆ ಜೆರಾಕ್ಸ್ ಮಾಡಿ ಮೂಲದ ಹಿಂದೆಯೇ ಇಡಿ. ಉಳಿಯಲಿ ಎಂದು ಅದನ್ನು ಲ್ಯಾಮಿನೇಟ್ ಮಾಡಿದರೆ ಆ ಬಿಸಿಗೆ ಹಾಳೆ ಪೂರ್ತಿ ಕಪ್ಪಾಗುತ್ತದೆ. (ಯಾವ ಹಾಳೆಯನ್ನೂ ಲ್ಯಾಮಿನೇಟ್ ಮಾಡಬೇಡಿ, ಸೆಲ್ಲೊಟೇಪ್ ಅಂಟಿಸಬೇಡಿ. ಅಂಟು ಕಂದಾಗಿ ಕಾಗದವನ್ನು ತಿನ್ನುತ್ತದೆ.) ಸುದ್ದಿತುಣುಕಿನ ನ್ಯೂಸ್‌ಪ್ರಿಂಟ್ ಆಮ್ಲ ಬಿಟ್ಟು ಪಕ್ಕದ ಹಾಳೆಗೂ ಕಂದು ಬಣ್ಣ ಹತ್ತಿಸುತ್ತದೆ, ಬೇರೆ ಪೆಟ್ಟಿಗೆಗೆ ಹಾಕದೆ ಅಲ್ಲೇ ಎರಡು ಆಮ್ಲರಹಿತ ಹಾಳೆಗಳ ನಡುವೆ ಇಡಿ. ಗುಂಡುಪಿನ್ನು, ಸ್ಟೇಪಲ್ ತೆಗೆಯುವಾಗ ಎಳೆಯಬೇಡಿ. ಕಾಗದಕ್ಕೂ ಲೋಹಕ್ಕೂ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಹಿಂದಿನಿಂದ ಕಾಲು ಬಿಡಿಸಿ ತೆಗೆಯಿರಿ, ಆ ಹಾಳೆಗಳನ್ನು ಮಡಚಿದ ಒಂದೇ ಹಾಳೆಯೊಳಗೆ ಒಟ್ಟಿಗಿಡಿ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಆ ಆವಿ ಪಕ್ಕದ ಒಳ್ಳೆಯ ಫಿಲ್ಮಿಗೂ ತಗಲುತ್ತದೆ. ಅದೊಂದನ್ನು ಮಾತ್ರ ಬೇರ್ಪಡಿಸಿ, ಅದು ಇದ್ದ ಜಾಗದಲ್ಲಿ ‘ಇಲ್ಲಿಂದ ತೆಗೆದದ್ದು ಇಂಥ ಪೆಟ್ಟಿಗೆಯಲ್ಲಿದೆ’ ಎಂಬ ಚೀಟಿ ಇಡಿ.

ಫ್ಲಾಪಿಗಳನ್ನು ಎಸೆಯಬೇಡಿ. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯ ಸಣ್ಣ ಬಿರಡೆ ಸರಿಸಿ ತೂತು ತೆರೆದರೆ ಅದರ ಮೇಲೆ ಏನೂ ಬರೆಯಲಾಗದು. ಮೊದಲು ಅದನ್ನು ಮಾಡಿ, ಆಮೇಲೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಿರಿ. ಒಳಗಿನ ಕನ್ನಡ ಕಡತಗಳು ಪೇಜ್‌ಮೇಕರಿನಲ್ಲೋ ವರ್ಡ್‌ನಲ್ಲೋ ಇದ್ದು, ಅಕ್ಷರ ಶ್ರೀಲಿಪಿ, ಬರಹ, ನುಡಿ ಅಥವಾ ಆಕೃತಿ ಎಂಬ ತಂತ್ರಾಂಶದ ಫಾಂಟಿನದಾಗಿರುತ್ತದೆ. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಕೆಟ್ಟುಹೋಗಿದೆ ಎಂದು ಅಳಿಸಿಬಿಡುವವರು ಬಹಳ. ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಆಯಾ ಫಾಂಟನ್ನೂ ಕಡತದ ಜೊತೆ ಉಳಿಸಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಮಾಡಿ, ಕೊನೆಗೆ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಎಡವುವುದು ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ. ಕನ್ನಡ ಬಲ್ಲವರು ಮೂಲದೊಂದಿಗೆ ಹಿಡಿದು ಓದಲೇಬೇಕು. ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಕರಾವಳಿಯವರು. ಅವರ ನೆಲದ ವಿಶ್ವವಿದ್ಯಾನಿಲಯಗಳಿಗೆ ಇದು ಆಗದ ಕೆಲಸವಲ್ಲ.

ಎಲ್ಲ ಸ್ಕ್ಯಾನ್ ಮಾಡಿಬಿಡೋಣ ಎಂದು ಹೊರಡುವವರಿಗೆ ಲೆಕ್ಕ ಹೇಳುತ್ತೇವೆ. 30,000 ಹಾಳೆ, ಫ್ಲಾಟ್‌ಬೆಡ್‌ನಲ್ಲಿ ಹಾಳೆಗೆ ಒಂದು ನಿಮಿಷವೆಂದರೂ 500 ಗಂಟೆ. ದಿನಕ್ಕೆ 6 ಗಂಟೆಯಂತೆ 80ಕ್ಕೂ ಹೆಚ್ಚು ದಿನ, ಒಂದು ಮುಖಕ್ಕೆ ಮಾತ್ರ. ಬೇಗ ಆಗಲಿ ಎಂದು ತಾನೇ ಹಾಳೆ ಎಳೆಯುವ ಯಂತ್ರಕ್ಕೆ ಕಾರ್ಬನ್ ಪ್ರತಿಯ ತೆಳು ಕಾಗದ ಕೊಟ್ಟರೆ ಹರಿದು ಹೋಗುತ್ತದೆ. ಪಟ್ಟಿಯಿಲ್ಲದ 30,000 ಚಿತ್ರಗಳು ಇನ್ನೊಂದು ಗೋಣಿಚೀಲವೇ. ಆದ್ದರಿಂದ ಮೊದಲು ಪಟ್ಟಿ. ಫೋಲ್ಡರಿಗೊಂದು ಸಾಲು ಸಾಕು. ಉದಾಹರಣೆಗೆ: ‘ಪೆಟ್ಟಿಗೆ 7, ಫೋಲ್ಡರ್ 12. ಬ್ಯಾಂಕ್ ಶಾಖೆ ಉದ್ಘಾಟನೆ: ಪ್ರಕಟಣೆ, ಕರಡು, ಹಂಚಿಕೆ ಪಟ್ಟಿ, ತುಣುಕು 3, ಫೋಟೋ 2. 1984 ಮಾರ್ಚ್–ಏಪ್ರಿಲ್. 14 ಹಾಳೆ. ಕನ್ನಡ, ಇಂಗ್ಲಿಷ್. ತುಕ್ಕು ಇದೆ. ಓದಲು ಮುಕ್ತ.’ ತರಬೇತಾದ ಒಬ್ಬರು ದಿನಕ್ಕೆ ಇಂಥ 25–30 ಸಾಲು ಬರೆಯಬಲ್ಲರು. ಪಟ್ಟಿಯಾದ ಮೇಲೆ ಮಾಸುತ್ತಿರುವುದನ್ನು ಮತ್ತು ಜನ ಹೆಚ್ಚು ಕೇಳುವುದನ್ನು ಸ್ಕ್ಯಾನ್ ಮಾಡಿ: ಟೈಪು ಮಾಡಿದ್ದಕ್ಕೆ 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಸುದ್ದಿತುಣುಕಿಗೆ 400, ಫೋಟೋಕ್ಕೆ 600. ಮೂಲ ಪ್ರತಿ ಟಿಫ್, ಓದುವವರಿಗೆ ಪಿಡಿಎಫ್. ಮೂರು ಪ್ರತಿ, ಒಂದು ಬೇರೆ ಊರಲ್ಲಿ.

ಕಾನೂನಿನ ಮಾತು ಚುಟುಕಾಗಿ. ಬಂದ ಪತ್ರದ ಕಾಗದ ಪಡೆದವರದು, ಅದರ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಆಯುಷ್ಯ ಮತ್ತು ಆಮೇಲೆ 60 ವರ್ಷ. ಹಾಗಾಗಿ ಓದಲು ಕೊಡುವುದು ಬೇರೆ, ಜಾಲದಲ್ಲಿ ಹಾಕುವುದು ಬೇರೆ. ವಿಶ್ವವಿದ್ಯಾನಿಲಯದ ಸಂಪರ್ಕಾಧಿಕಾರಿಯ ಹೊಣೆಯೂ ಅದೇ ಪ್ರೊಫೆಸರರಿಗಿದ್ದರೆ ಆ ಕಡತಗಳು ಸಂಸ್ಥೆಯ ದಾಖಲೆ, ಮನೆಯವರ ದಾನವಲ್ಲ. ಪಟ್ಟಿಯಲ್ಲಿ ಬೇರೆ ಗುರುತು ಹಾಕಿ. ಅಂಕಪಟ್ಟಿ, ಶಿಫಾರಸು ಪತ್ರ, ಶಿಸ್ತು ವಿಚಾರಣೆ, ವಿದ್ಯಾರ್ಥಿಗಳ ವಿಳಾಸ ಇರುವ ಫೋಲ್ಡರನ್ನು ಮುಚ್ಚಿಡಿ, ಯಾವ ವರ್ಷ ತೆರೆಯಬಹುದು ಎಂದು ಮೇಲೆ ಬರೆಯಿರಿ. ಆದರೆ ಪಟ್ಟಿಯಿಂದ ಅದರ ಸಾಲನ್ನೇ ಅಳಿಸಬೇಡಿ.

ಮನೆಯವರೊಂದಿಗಿನ ದಾನಪತ್ರ ಒಂದೂವರೆ ಪುಟ ಮೀರಬೇಕಾಗಿಲ್ಲ. ಸಾಮಾನ್ಯವಾಗಿ ಬರೆಯಲು ಮರೆತುಹೋಗುವ ವಾಕ್ಯ ಮಾತ್ರ ಇಲ್ಲಿದೆ, ಹಾಗೆಯೇ ಬಳಸಿಕೊಳ್ಳಿ: ‘ಗ್ರಂಥಾಲಯವು ಇಟ್ಟುಕೊಳ್ಳಲು ಬಯಸದ ಯಾವುದೇ ಕಾಗದವನ್ನು ಮಾರಾಟ ಮಾಡದೆ, ನಾಶಪಡಿಸದೆ, ಪಟ್ಟಿಸಹಿತ ಕುಟುಂಬಕ್ಕೆ ಹಿಂದಿರುಗಿಸತಕ್ಕದ್ದು.’ ಈ ಒಂದು ಸಾಲು ಇಲ್ಲದ ಕಾರಣಕ್ಕೆ ದಾನವಾಗಿ ಬಂದದ್ದೂ ವಾರ್ಷಿಕ ರದ್ದಿ ಹರಾಜಿನಲ್ಲಿ ಸೇರಿಹೋಗುತ್ತದೆ.

ನಾವು ಕೇಳುವುದು ಹೊಸ ಕಟ್ಟಡವಲ್ಲ. ಕುಲಪತಿಗಳ ಸಹಿಯ ಒಂದು ಪುಟದ ಕಚೇರಿ ಆದೇಶ. ಅದರಲ್ಲಿ ಮೂರು ವಿಷಯ ಇರಲಿ: ನಿವೃತ್ತ ಅಥವಾ ದಿವಂಗತ ಅಧ್ಯಾಪಕರ ಕೋಣೆಯನ್ನು ಗ್ರಂಥಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಖಾಲಿ ಮಾಡಬಾರದು, ರದ್ದಿ ಹರಾಜಿಗೆ ಹೋಗುವ ಪ್ರತಿ ಕಟ್ಟನ್ನು ಪತ್ರಿಕೋದ್ಯಮ, ಇತಿಹಾಸ ಮತ್ತು ಕನ್ನಡ ವಿಭಾಗದ ತಲಾ ಒಬ್ಬರು ನೋಡಿ ಸಹಿ ಹಾಕಬೇಕು, ಪಟ್ಟಿ ಮಾಡುವ ಕೆಲಸಕ್ಕೆ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ನೇಮಿಸಬೇಕು. ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಫೋಲ್ಡರ್ ಪಟ್ಟಿಯನ್ನೇ ಪ್ರಾಜೆಕ್ಟ್ ಆಗಿ ಕೊಡಬಹುದು. ಕರಡು ಮತ್ತು ಅಚ್ಚು ಎರಡನ್ನೂ ಎದುರು ಬದುರು ಇಟ್ಟು ಓದಿದವರು ಪ್ರಕಟಣೆ ಬರೆಯುವುದನ್ನು ಬೇಗ ಕಲಿಯುತ್ತಾರೆ.

ಆದೇಶ ಪತ್ತನಾಜೆಗೆ ಮೊದಲು ಹೊರಬರಲಿ. ಮೇ 24ರ ಆಸುಪಾಸಿನ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆ. ಕಾಗದವನ್ನು ಒಂದು ಮನೆಯಿಂದ ಇನ್ನೊಂದು ಕಟ್ಟಡಕ್ಕೆ ಸಾಗಿಸಲು ಮತ್ತೆ ಒಣ ದಿನ ಸಿಗುವುದು ದೀಪಾವಳಿ ಹೊತ್ತಿಗೆ. ಅಷ್ಟರಲ್ಲಿ ಸಾಗಿಸಲು ಆಗದಿದ್ದರೆ ಕಪಾಟು ಇದ್ದಲ್ಲೇ ಇರಲಿ. ಯಾರನ್ನಾದರೂ ಕಳಿಸಿ ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿ, ಕೆಳಗಿನ ತಟ್ಟು ಖಾಲಿ ಮಾಡಿಸಿ, ಬೀಗದ ಕೈ ಯಾರ ಬಳಿ ಇದೆ ಎಂದು ಬರೆದಿಟ್ಟುಕೊಳ್ಳಿ.

ಇಂತಿ,
ಮಂಗಳೂರು ಮತ್ತು ಉಡುಪಿಯ ದಾಖಲೆ ಸಂರಕ್ಷಣೆ, ಗ್ರಂಥಾಲಯ ಹಾಗೂ ಪತ್ರಿಕೋದ್ಯಮ ಬೋಧನೆಯಲ್ಲಿ ತೊಡಗಿರುವವರು